ನಗು ಬಂದದ್ದೋ, ತರಿಸಿದ್ದೋ: ಫೋಟೊದಲ್ಲಿ ನಿಜವಾದ ಮುಖ ಹಿಡಿಯುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮದುವೆ ಮತ್ತು ಪ್ರೀ-ವೆಡ್ಡಿಂಗ್ ಫೋಟೊ ತೆಗೆಯುತ್ತೇನೆ. ಜೋಡಿಗಳನ್ನು ಜಾಸ್ತಿ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಅವರು ನಿಜವಾಗಿಯೂ ಖುಷಿಯಾಗಿರುತ್ತಾರೆ, ಫೋಟೊದಲ್ಲಿ ಮಾತ್ರ ಸುಮ್ನೆ ನಕ್ಕ ಹಾಗೆ ಕಾಣುತ್ತಾರೆ. ಮರಿಮೊಮ್ಮಗ ಹುಟ್ಟಿದ ದಿನ ನಮ್ಮ ಅಜ್ಜಿಯ ಫೋಟೊ ತೆಗೆದೆ. ಸಂತೋಷ ತಡೆಯಲಾರದೆ ಓಡಾಡುತ್ತಿದ್ದ ಅಜ್ಜಿ ಫೋಟೊದಲ್ಲಿ ಬಿಗಿದುಕೊಂಡು ಕೂತಿದ್ದಾರೆ. ಆದರೆ ಕಂಪನಿ ನಾಟಕದ ಒಬ್ಬ ಕಲಾವಿದರು ವೇದಿಕೆ ಮೇಲೆ ಅಳುವಾಗ ತೆಗೆದ ಫೋಟೊ ನೋಡಿದವರೆಲ್ಲ ‘ಪಾಪ, ಏನಾಯ್ತು ಇವರಿಗೆ?’ ಅಂತ ಕೇಳುತ್ತಾರೆ. ನಿಜವಾದ ಭಾವ ಯಾವುದು, ನಟನೆ ಯಾವುದು ಅಂತ ಗುರುತಿಸುವುದು ಹೇಗೆ? ನಿಜವಾದದ್ದನ್ನೇ ಹಿಡಿಯಬೇಕು ಅಂದರೆ ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅಜ್ಜಿಯ ಖುಷಿ ನಿಜ, ಫೋಟೊಗೆ ಬರಲಿಲ್ಲ. ಕಲಾವಿದರ ಅಳು ನಟನೆ, ಫೋಟೊದಲ್ಲಿ ನಿಜ ಅನಿಸಿತು. ಹಾಗಾದರೆ ಮನಸ್ಸಿನಲ್ಲಿ ಭಾವ ಇದ್ದ ಮಾತ್ರಕ್ಕೆ ಅದು ಫೋಟೊಗೆ ಬರುತ್ತದೆ ಅಂತೇನೂ ಇಲ್ಲ. ಆ ಗಳಿಗೆಯಲ್ಲಿ ಅವರ ಗಮನ ಎಲ್ಲಿತ್ತು ಅಂತ ನೋಡಿ. ಕಲಾವಿದರ ಗಮನ ಎದುರಿದ್ದ ಪಾತ್ರದ ಮೇಲಿತ್ತು. ನೀವು ಪಕ್ಕದಲ್ಲಿ ನಿಂತು ಕದ್ದು ನೋಡಿದಿರಿ, ಅಷ್ಟೇ. ಅಜ್ಜಿಯ ಗಮನ ನಿಮ್ಮ ಲೆನ್ಸ್ ಮೇಲಿತ್ತು. ಮರಿಮೊಮ್ಮಗ ಆ ಕ್ಷಣಕ್ಕೆ ಮರೆತೇಹೋಗಿದ್ದ. ‘ನಾನು ಹೇಗೆ ಕಾಣ್ತೀನೋ’ ಅನ್ನುವ ಯೋಚನೆ ಬಂದ ಕೂಡಲೇ ಮುಖದಿಂದ ಉಳಿದದ್ದೆಲ್ಲ ಜಾರಿಹೋಗುತ್ತದೆ.

ಇನ್ನೊಂದು ವಿಷಯ. ಭಾವ ಮುಖದ ಮೇಲೆ ಒಂದೇ ಸಲ ಬಂದು ಕೂರುವುದಿಲ್ಲ. ಏರುತ್ತದೆ, ಸ್ವಲ್ಪ ನಿಲ್ಲುತ್ತದೆ, ಇಳಿಯುತ್ತದೆ. ತರಿಸಿಕೊಂಡ ನಗುವಿಗೆ ಈ ಏರಿಳಿತ ಸರಿಯಾಗಿ ಇರುವುದಿಲ್ಲ. ‘ಸ್ಮೈಲ್ ಪ್ಲೀಸ್’ ಅಂದ ತಕ್ಷಣ ಹತ್ತಿಕೊಳ್ಳುತ್ತದೆ, ಕ್ಲಿಕ್ ಅಂದ ತಕ್ಷಣ ಆರಿಹೋಗುತ್ತದೆ. ನಾವೋ, ಇಡೀ ಏರಿಳಿತದಲ್ಲಿ ಸೆಕೆಂಡಿನ 250ನೇ ಒಂದು ಭಾಗವನ್ನು ಕತ್ತರಿಸಿ ತೆಗೆಯುವವರು. ಎಲ್ಲಿ ಕತ್ತರಿಸುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಜಾಸ್ತಿ ಜನ ನಗು ತುದಿಗೆ ಮುಟ್ಟಿದಾಗ ಒತ್ತುತ್ತಾರೆ. ನಾನು ಇಳಿಯುವಾಗ ಒತ್ತಿ ಅನ್ನುತ್ತೇನೆ. ಜೋರಾಗಿ ನಕ್ಕು ಮುಗಿಸಿ, ಉಸಿರು ಬಿಟ್ಟು, ತುಟಿ ಇನ್ನೂ ಪೂರ್ತಿ ಮುಚ್ಚಿಲ್ಲದ ಹೊತ್ತಿದೆಯಲ್ಲ, ಆಗ ಮುಖವನ್ನು ಯಾರೂ ಆಳುತ್ತಿರುವುದಿಲ್ಲ. ನಗುವಿನ ತುದಿಯಲ್ಲಿ ಎಲ್ಲರ ಮುಖವೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಬಾಯಿ ಅಗಲ, ಕಣ್ಣು ಮುಚ್ಚಿದ ಹಾಗೆ. ಇಳಿಯುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಥರ.

ಈಗ ಗುರುತಿಸುವ ವಿಷಯಕ್ಕೆ ಬರೋಣ. ‘ನಿಜವಾದ ನಗು ಕಣ್ಣಲ್ಲಿ ಕಾಣುತ್ತದೆ’ ಅನ್ನುವ ಮಾತು ನೀವು ಕೇಳೇ ಇರುತ್ತೀರಿ. ಇದರ ಹಿಂದೆ ಫ್ರಾನ್ಸಿನ ವೈದ್ಯ ದುಷೆನ್ ಇದ್ದಾರೆ. ಅವರು ಮುಖದ ಒಂದೊಂದು ಸ್ನಾಯುವಿಗೂ ಸಣ್ಣಗೆ ಕರೆಂಟು ಕೊಟ್ಟು, ಮುಖ ಹೇಗೆ ಬದಲಾಗುತ್ತದೆ ಅಂತ ಫೋಟೊ ತೆಗೆಸಿ, 1862ರಲ್ಲಿ ಪ್ರಕಟಿಸಿದರು. ಅವರು ಕಂಡುಕೊಂಡದ್ದು ಇಷ್ಟು. ಕೆನ್ನೆಯ ಮೂಳೆಯಿಂದ ತುಟಿಯ ಮೂಲೆಗೆ ಇಳಿಯುವ ಸ್ನಾಯು ನಮ್ಮ ಮಾತು ಕೇಳುತ್ತದೆ. ನಗು ಅಂದರೆ ತುಟಿ ಎಳೆಯುತ್ತದೆ. ಕಣ್ಣಿನ ಸುತ್ತ ಇರುವ ಸ್ನಾಯು ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ, ನಿಜವಾದ ಸಂತೋಷಕ್ಕೆ ಮಾತ್ರ ಕುಗ್ಗುತ್ತದೆ. ಅದಕ್ಕೇ ಇವತ್ತಿಗೂ ಕಣ್ಣು ಸೇರಿದ ನಗುವಿಗೆ ದುಷೆನ್ ನಗು ಅನ್ನುತ್ತಾರೆ.

ನಿಮ್ಮ ಕಂಪ್ಯೂಟರಿನಲ್ಲಿ ಒಂದು ಫೋಟೊ ತೆರೆದು, ಬಾಯಿಯ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ ನೋಡಿ. ಕಣ್ಣು ಒಂದೇ ಉಳಿಯಲಿ. ಕೆಳರೆಪ್ಪೆ ಸ್ವಲ್ಪ ಮೇಲೆದ್ದು ಉಬ್ಬಿದೆಯಾ? ಕಣ್ಣಿನ ಹೊರಮೂಲೆಯಲ್ಲಿ ಗೆರೆ ಇದೆಯಾ? ಹುಬ್ಬಿನ ಹೊರತುದಿ ಒಂದಿಷ್ಟು ಇಳಿದಿದೆಯಾ? ಇದ್ದರೆ ಒಳ್ಳೆಯ ಸೂಚನೆ. ಬಾಯಿ ಮುಚ್ಚಿದಾಗ ಕಣ್ಣು ‘ಬಸ್ಸು ಯಾವಾಗ ಬರುತ್ತೋ’ ಅಂತ ಕಾಯುವವರ ಕಣ್ಣಿನ ಹಾಗೆ ಕಂಡರೆ ನಗು ತುಟಿಯದ್ದು ಮಾತ್ರ.

ಆದರೆ ಇದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಕಣ್ಣಿನ ಸ್ನಾಯುವನ್ನೂ ಬೇಕೆಂದಾಗ ಕುಗ್ಗಿಸುವ ಜನ ಬೇಕಾದಷ್ಟಿದ್ದಾರೆ ಅಂತ ಆಮೇಲಿನ ಸಂಶೋಧನೆಗಳು ತೋರಿಸಿವೆ. ತುಟಿಯನ್ನು ಜೋರಾಗಿ ಎಳೆದರೆ ಕೆನ್ನೆ ಮೇಲೆದ್ದು ಕಣ್ಣು ತಾನಾಗಿಯೇ ಸಣ್ಣದಾಗುತ್ತದೆ. ತುಂಬು ಕೆನ್ನೆಯವರಲ್ಲಿ ಇದು ಇನ್ನೂ ಜಾಸ್ತಿ. ಎಲ್ಲಕ್ಕಿಂತ ದೊಡ್ಡ ಮೋಸಗಾರ ನಮ್ಮ ಬಯಲುಸೀಮೆಯ ಬಿಸಿಲು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಕೋಟೆ ಫೋಟೊಗಳ ಅರ್ಧ ರೋಗ ಇಲ್ಲೇ ಇದೆ ಅಂತ ನನ್ನ ಅನುಮಾನ. ಬೆಳಗ್ಗೆ ಹತ್ತು ದಾಟಿತು ಅಂದರೆ ದುರ್ಗದಲ್ಲಿ ಬೆಳಕು ಮೇಲಿನಿಂದ ಮಾತ್ರ ಬರುವುದಿಲ್ಲ. ಬಂಡೆಗೆ ಬಿದ್ದು ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತದೆ. ಕಣ್ಣು ತನ್ನನ್ನು ಕಾಪಾಡಿಕೊಳ್ಳಲು ಕುಗ್ಗುತ್ತದೆ. ಆಗ ಕೆಲಸ ಮಾಡುವುದು ದುಷೆನ್ ಹೇಳಿದ ಅದೇ ಸ್ನಾಯು. ಹೀಗೆ ಒಂದೇ ಮುಖದಲ್ಲಿ ಬಿಸಿಲಿಗೆ ಕುಗ್ಗಿದ ಕಣ್ಣು, ನಿಮಗೋಸ್ಕರ ಎಳೆದ ತುಟಿ, ಎರಡೂ ಸೇರುತ್ತವೆ. ಲೆಕ್ಕದ ಪ್ರಕಾರ ಅದು ನಿಜವಾದ ನಗು ಆಗಬೇಕು. ನೋಡಿದರೆ ಹಲ್ಲುನೋವಿನ ಹಾಗಿರುತ್ತದೆ! ವ್ಯತ್ಯಾಸ ಹುಬ್ಬುಗಳ ನಡುವೆ ಸಿಗುತ್ತದೆ. ಬಿಸಿಲಿಗೆ ಹುಬ್ಬು ಗಂಟಿಕ್ಕುತ್ತದೆ, ನಡುವೆ ಉದ್ದ ಗೆರೆ ಬೀಳುತ್ತದೆ. ಸಂತೋಷಕ್ಕೆ ಸಾಮಾನ್ಯವಾಗಿ ಆ ಗೆರೆ ಬರುವುದಿಲ್ಲ.

ಅದಕ್ಕೇ ಕೋಟೆಯಲ್ಲಿ ಬಯಲಿನ ಬಂಡೆ ಮೇಲೆ ನಿಲ್ಲಿಸುವುದು ಬಿಟ್ಟು ಬಾಗಿಲುಗಳ ಒಳಗಿನ ನೆರಳು ಹುಡುಕಿ. ಏಳುಸುತ್ತಿನ ಕೋಟೆ ಅಂದಮೇಲೆ ಬಾಗಿಲಿಗೂ ತಿರುವಿಗೂ ಏನು ಬರ? ಜೋಡಿ ನೆರಳಿನಲ್ಲಿ ನಿಲ್ಲಲಿ, ಬಿಸಿಲು ಬಿದ್ದ ಎದುರಿನ ಗೋಡೆ ಅವರಿಗೆ ಬೆಳಕು ಕೊಡಲಿ. ಆ ಬೆಳಕು ಮೆತ್ತಗಿರುತ್ತದೆ, ಕಣ್ಣು ಅರಳುತ್ತದೆ. ಹೀಗೆ ಮಾಡಿದರೆ ಸಾಕು, ಎಷ್ಟೋ ‘ನಾಟಕ’ ತಾನಾಗಿ ಬಿಟ್ಟುಹೋಗುತ್ತದೆ. ಅದು ನಾಟಕವೇ ಆಗಿರಲಿಲ್ಲ, ಬಿಸಿಲಿನ ಕಾಟ.

ಒಂದು ಫೋಟೊ ನೋಡಿ ಭಾವ ಓದುವುದು ಎಷ್ಟು ಕಷ್ಟ ಅನ್ನುವುದಕ್ಕೆ ಡಾರ್ವಿನ್ ಕಥೆ ಚೆನ್ನಾಗಿದೆ. ಮನುಷ್ಯರು, ಪ್ರಾಣಿಗಳು ಭಾವವನ್ನು ಹೇಗೆ ತೋರಿಸುತ್ತಾರೆ ಅಂತ ಅವರು 1872ರಲ್ಲಿ ಒಂದು ಪುಸ್ತಕ ತಂದರು. ಅದಕ್ಕೆ ಮೊದಲು ದುಷೆನ್ ಅವರ ಚಿತ್ರಗಳನ್ನು ಇಪ್ಪತ್ತಕ್ಕೂ ಹೆಚ್ಚು ಜನರಿಗೆ ತೋರಿಸಿ, ಏನೂ ಹೇಳದೆ, ‘ಇದು ಯಾವ ಭಾವ?’ ಅಂತ ಕೇಳಿದ್ದರು. ಕೆಲವು ಚಿತ್ರಗಳಿಗೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಉತ್ತರ ಕೊಟ್ಟರು. ಕೆಲವಕ್ಕೆ ತಲೆಗೊಂದು ಮಾತು. ತಮಾಷೆ ಏನು ಗೊತ್ತಾ? ನಿಜವಾದ ಭಾವಗಳ ಆ ಪುಸ್ತಕದಲ್ಲಿ ಕೆಲವು ಫೋಟೊಗಳು ಪೂರ್ತಿ ನಟನೆ. ರೇಯ್ಲಾಂಡರ್ ಅನ್ನುವ ಫೋಟೊಗ್ರಾಫರ್ ಕ್ಯಾಮೆರಾ ಮುಂದೆ ತಾವೇ ನಿಂತು ಅಚ್ಚರಿ, ಅಸಹ್ಯ ಎಲ್ಲ ಮಾಡಿ ತೋರಿಸಿದ್ದರು. ಆ ಕಾಲದ ಕ್ಯಾಮೆರಾಕ್ಕೆ ಬೆಳಕು ಸಾಲುತ್ತಿರಲಿಲ್ಲ. ಬಂದು ಹೋಗುವ ಭಾವ ಸಿಗುವುದು ಕಷ್ಟವಿತ್ತು, ಹಿಡಿದು ನಿಲ್ಲಿಸಿದ ಭಾವ ಸಿಗುತ್ತಿತ್ತು. ನಿಮ್ಮ ಕೈಲಿರುವ ಕ್ಯಾಮೆರಾಕ್ಕೆ ಆ ತೊಂದರೆ ಇಲ್ಲ. ಆದರೂ ನಾವು ‘ಹಾಗೇ ಇರಿ, ಅಲ್ಲಾಡಬೇಡಿ’ ಅನ್ನುವುದನ್ನು ಬಿಟ್ಟಿಲ್ಲ, ಅಲ್ವಾ?

ಅಜ್ಜಿಯ ವಿಷಯ ಇಲ್ಲೇ ಬರುತ್ತದೆ. ಅವರು ಬಿಗಿದುಕೊಂಡು ಕೂತದ್ದನ್ನು ನೀವು ಸೋಲು ಅಂದುಕೊಂಡಿದ್ದೀರಿ. ನಾನು ಹಾಗೆ ನೋಡುವುದಿಲ್ಲ. ಆ ತಲೆಮಾರಿನವರಿಗೆ ಫೋಟೊ ಅಂದರೆ ವರ್ಷಕ್ಕೊಮ್ಮೆಯೂ ಬಾರದ ಸಂಗತಿ. ಪೇಟೆಗೆ ಹೋಗಿ, ಸ್ಟುಡಿಯೊದ ಪರದೆ ಮುಂದೆ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಕೈಯನ್ನು ಮಂಡಿ ಮೇಲೆ ಇಟ್ಟು ಕೂರುವುದು. ರೀಲಿನಲ್ಲಿ 36 ಫೋಟೊ, ಹಾಳಾದರೆ ದುಡ್ಡು ದಂಡ. ನಗುವುದು ಹುಡುಗಾಟ, ನೆಟ್ಟಗೆ ಕೂರುವುದು ಮರ್ಯಾದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಅಜ್ಜಿ ಕ್ಯಾಮೆರಾಕ್ಕೆ ಸುಳ್ಳು ಹೇಳಲಿಲ್ಲ, ಮರ್ಯಾದೆ ಕೊಟ್ಟರು. ಆ ಫೋಟೊ ಅಳಿಸಬೇಡಿ. ಅದನ್ನು ಗೋಡೆಗೆ ಹಾಕಿ. ಓಡಾಡುತ್ತಿದ್ದ ಅಜ್ಜಿಯ ಖುಷಿ ಬೇಕಿದ್ದರೆ ಅದಕ್ಕೆ ಬೇರೆ ಫೋಟೊ ತೆಗೆಯಬೇಕು, ಅವರು ಮಗುವಿಗೆ ಎಣ್ಣೆ ಹಚ್ಚುವಾಗ.

ಇನ್ನು ನಿಮ್ಮ ನಾಟಕದ ಕಲಾವಿದರು. ನೀವು ದಾವಣಗೆರೆಯವರು, ನಿಮಗೆ ಕಂಪನಿ ನಾಟಕದ ಬಗ್ಗೆ ನಾನು ಹೇಳಬೇಕಾಗಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಿಮ್ಮೂರಿನದ್ದೇ. ವೇದಿಕೆಯ ನಟನೆ ಟೆಂಟಿನ ಕೊನೆಯ ಸಾಲಿಗೂ ಮುಟ್ಟಬೇಕು, ಹಾಗಾಗಿ ಅದು ದೊಡ್ಡದಾಗಿರುತ್ತದೆ. ಹತ್ತಿರದಿಂದ ತೆಗೆದ ಫೋಟೊದಲ್ಲಿ ಸಾಮಾನ್ಯವಾಗಿ ಅದು ಅತಿ ಅನಿಸಬೇಕು. ಆದರೂ ನಿಮ್ಮ ಫೋಟೊ ನಿಜ ಅನಿಸಿತು. ಯಾಕೆ?

ನಮ್ಮ ನಾಟ್ಯಶಾಸ್ತ್ರದಲ್ಲಿ ಇದಕ್ಕೆ ಒಳ್ಳೆಯ ಲೆಕ್ಕ ಇದೆ. ಕೈಕಾಲು, ಮುಖ ಆಡಿಸಿ ತೋರಿಸುವ ಅಭಿನಯ ಒಂದು. ಮನಸ್ಸು ಒಳಗಿನಿಂದ ಕದಲಿದಾಗ ಮೈ ತಾನಾಗಿ ತೋರಿಸುವುದು ಇನ್ನೊಂದು. ಈ ಎರಡನೆಯದಕ್ಕೆ ಎಂಟು ಸಾತ್ವಿಕ ಭಾವ ಅಂತ ಪಟ್ಟಿ ಮಾಡಿದ್ದಾರೆ: ಮೈ ಸೆಟೆದು ನಿಲ್ಲುವುದು, ಬೆವರು, ರೋಮಾಂಚನ, ದನಿ ಒಡೆಯುವುದು, ನಡುಕ, ಮುಖದ ಬಣ್ಣ ಬದಲಾಗುವುದು, ಕಣ್ಣೀರು, ಎಚ್ಚರ ತಪ್ಪುವುದು. ಇವನ್ನು ‘ಮಾಡು’ ಅಂದರೆ ಮಾಡಲಾಗುವುದಿಲ್ಲ. ನಟ ಅಲ್ಲಿಗೆ ಮನಸ್ಸನ್ನು ಕೊಂಡೊಯ್ಯಬೇಕು, ಮೈ ಹಿಂದೆ ಬರುತ್ತದೆ. ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಕಣ್ಣಿನ ಅಂಚು ಕೆಂಪಾಗಿರಬಹುದು, ಮೂಗಿನ ತುದಿ ಹೊಳೆಯುತ್ತಿರಬಹುದು, ಕತ್ತಿನ ನರ ಎದ್ದಿರಬಹುದು. ಇಂಥದ್ದು ಸಿಕ್ಕರೆ ಆ ಹೊತ್ತಿಗೆ ಕಲಾವಿದರು ಅಳುವುದನ್ನು ತೋರಿಸುತ್ತಿರಲಿಲ್ಲ, ಅಳುತ್ತಿದ್ದರು. ಕಥೆ ಕಟ್ಟಿದ್ದು, ಅಳು ಅವರದ್ದೇ.

ಹಾಗಾಗಿ ‘ನಿಜ’ ಮತ್ತು ‘ನಟನೆ’ ಅಂತ ಎರಡು ಡಬ್ಬಿ ಇಟ್ಟುಕೊಂಡರೆ ಫೋಟೊಗ್ರಾಫರಿಗೆ ಉಪಯೋಗ ಇಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮನುಷ್ಯ ಈಗ ಯಾರಿಗೆ ಉತ್ತರ ಕೊಡುತ್ತಿದ್ದಾನೆ? ಹೆಂಡತಿಗೋ, ಮಗುವಿಗೋ, ನೆನಪಿಗೋ, ಎದುರಿನ ಪಾತ್ರಕ್ಕೋ ಆದರೆ ಒತ್ತುತ್ತೇನೆ. ಕ್ಯಾಮೆರಾಕ್ಕೆ ಆದರೆ ಕಾಯುತ್ತೇನೆ.

ಕಾಯುವಾಗ ಸುಮ್ಮನೆ ನಿಲ್ಲುವುದಲ್ಲ, ಅವರಿಗೆ ಉತ್ತರ ಕೊಡಲು ಏನಾದರೂ ಕೊಡಬೇಕು. ಮಾತು ಅತಿ ಸುಲಭದ ದಾರಿ. ನಿಮ್ಮೂರಲ್ಲಿ ಇದಕ್ಕೆ ರಾಮಬಾಣ ಒಂದಿದೆ: ‘ಯಾವ ಹೋಟೆಲಿನ ಬೆಣ್ಣೆ ದೋಸೆ ಚೆನ್ನಾಗಿರುತ್ತೆ?’ ಹುಡುಗ ಒಂದು ಹೆಸರು ಹೇಳುತ್ತಾನೆ, ಹುಡುಗಿ ‘ಅಯ್ಯೋ, ಅಲ್ಲಾ?’ ಅಂತ ತಿರುಗಿ ನೋಡುತ್ತಾಳೆ. ಆ ತಿರುಗಿ ನೋಡುವ ಮುಖ ಇದೆಯಲ್ಲ, ಅದನ್ನು ಯಾವ ಪೋಸಿನಿಂದಲೂ ತರಲಾಗುವುದಿಲ್ಲ. ರೈತರ ಫೋಟೊ ತೆಗೆಯುವಾಗ ಈ ವರ್ಷದ ಮೆಕ್ಕೆಜೋಳದ ರೇಟು ಕೇಳಿ. ನಗು ಬರಲಿಕ್ಕಿಲ್ಲ, ಮುಖ ಬರುತ್ತದೆ. ವಯಸ್ಸಾದವರಿಗೆ ನೆನಪು ಮಾಡಿಕೊಳ್ಳಬೇಕಾದ ಪ್ರಶ್ನೆ ಕೇಳಿ, ಹೌದು-ಇಲ್ಲ ಅನ್ನುವುದನ್ನಲ್ಲ. ‘ಈ ಊರಿಗೆ ಸೊಸೆಯಾಗಿ ಬಂದಾಗ ಇಲ್ಲಿ ಏನಿತ್ತು?’ ಅಂದರೆ ಕಣ್ಣು ಲೆನ್ಸ್ ಬಿಟ್ಟು ಬೇರೆಲ್ಲೋ ಹೋಗುತ್ತದೆ. ಹೋಗುವಾಗ ತೆಗೆಯಬೇಡಿ. ನೆನಪು ಸಿಕ್ಕಿ, ಹೇಳಲು ನಿಮ್ಮ ಕಡೆ ತಿರುಗುತ್ತಾರಲ್ಲ, ಆಗ ತೆಗೆಯಿರಿ.

ಮಾತಿಗೆ ಸಿಗದವರಿಗೆ ಕೆಲಸ ಕೊಡಿ. ಹಾಲ್ಸ್‌ಮನ್ ಅನ್ನುವ ಅಮೆರಿಕದ ಫೋಟೊಗ್ರಾಫರ್ 1950ರ ದಶಕದಲ್ಲಿ ದೊಡ್ಡ ದೊಡ್ಡ ನಟರು, ರಾಜಕಾರಣಿಗಳು ಎಲ್ಲರಿಗೂ ಒಂದು ಸಲ ಜಿಗಿಯಿರಿ ಅನ್ನುತ್ತಿದ್ದರು. ಜಿಗಿಯುವವರ ಗಮನ ಜಿಗಿತದ ಮೇಲೆ ಹೋಗುತ್ತದೆ, ಮುಖವನ್ನು ಕಾಯಲು ಯಾರೂ ಇರುವುದಿಲ್ಲ. ನೀವು ಜಿಗಿಸಬೇಕಾಗಿಲ್ಲ, ಕೋಟೆಯೇ ಆ ಕೆಲಸ ಮಾಡುತ್ತದೆ. ಓಬವ್ವನ ಕಿಂಡಿಯ ಸಂದಿಯಲ್ಲಿ ಇಬ್ಬರನ್ನೂ ಬಗ್ಗಿಸಿ ಹಾಯಿಸಿ, ನೀವು ಆಚೆ ಕಡೆ ಕಾಯಿರಿ. ತಲೆ ತಾಗದ ಹಾಗೆ ಒಬ್ಬರು ಇನ್ನೊಬ್ಬರ ತಲೆ ಮೇಲೆ ಕೈ ಇಡುತ್ತಾರೆ. ಸೆರಗು ಸಿಕ್ಕಿಕೊಳ್ಳುತ್ತದೆ. ಹೊರಗೆ ಬಂದು ನೆಟ್ಟಗೆ ನಿಂತು ಉಸಿರು ಬಿಡುತ್ತಾರೆ. ಅಲ್ಲಿ ಸಿಗುವ ಮುಖಕ್ಕೆ ಯಾವ ಡೈರೆಕ್ಷನ್ನೂ ಬೇಡ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಮಾಡುವವರ ಫೋಟೊಗಳು ಚೆನ್ನಾಗಿ ಬರುವುದೂ ಇದಕ್ಕೇ. ಕೈ ಕೆಲಸದಲ್ಲಿದ್ದಾಗ ಮುಖ ಬಿಡುವಾಗಿರುತ್ತದೆ. ಅಲ್ಲಿನ ಹೊಗೆಗೆ ಕುಗ್ಗಿದ ಕಣ್ಣನ್ನು ನಗು ಅಂತ ಓದಬೇಡಿ, ಅಷ್ಟೇ.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಟರ್ ಸ್ಪೀಡ್ ಮಾತಾಡುವ ಮುಖಕ್ಕೆ 1/250, ಜೋರಾಗಿ ನಗುವವರಿಗೆ 1/500 ಸೆಕೆಂಡ್ ಇರಲಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) ಆಟೊದಲ್ಲೇ ಇರಲಿ. ಜೋಡಿಗೆ ಲೆನ್ಸ್ ಬಾಯಿ ಎಫ್ 1.8ರಷ್ಟು ಅಗಲ ತೆರೆಯುವ ಆಸೆ ಬೇಡ, ಎಫ್ 4ಕ್ಕೆ ಕಿರಿದು ಮಾಡಿ. ತಿರುಗಿ ನೋಡುವಾಗ ಒಬ್ಬರ ಕಣ್ಣು ಮಸುಕಾದರೆ ಎಲ್ಲ ವ್ಯರ್ಥ. 85 ಎಂ.ಎಂ. ಲೆನ್ಸ್ ಹಾಕಿ ಎರಡು ಮೀಟರ್ ದೂರದಲ್ಲಿ ನಿಂತರೆ ಮಾತಾಡುವಷ್ಟು ಹತ್ತಿರವೂ ಆಗುತ್ತದೆ, ಮುಖಕ್ಕೆ ಕ್ಯಾಮೆರಾ ಹಿಡಿದ ಹಾಗೂ ಆಗುವುದಿಲ್ಲ. ಸೈಲೆಂಟ್ ಶಟರ್ ಬಹಳ ಒಳ್ಳೆಯದು, ಕ್ಲಿಕ್ ಶಬ್ದ ಕೇಳಿದರೆ ಜನ ಎಚ್ಚರವಾಗುತ್ತಾರೆ. ಆದರೆ ಕಲ್ಯಾಣ ಮಂಟಪದ ಎಲ್‌ಇಡಿ ಬೆಳಕಿನಲ್ಲಿ ಅದರಿಂದ ಫೋಟೊ ಮೇಲೆ ಪಟ್ಟೆ ಬೀಳಬಹುದು, ಮೊದಲೇ ಒಂದು ಫೋಟೊ ತೆಗೆದು ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಆಗಾಗ ಹಿಂದಿನ ಸ್ಕ್ರೀನ್ ತೋರಿಸಬೇಡಿ. ತಮ್ಮ ಮುಖ ನೋಡಿಕೊಂಡ ಮೇಲೆ ಜನ ಮುಖ ರಿಪೇರಿ ಶುರು ಮಾಡುತ್ತಾರೆ. ಆಮೇಲೆ ದೇವರೇ ಬಂದರೂ ಕಷ್ಟ.

ಎಡಿಟಿಂಗ್ ಬಗ್ಗೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಮ್ಮ ಜೋಡಿಗಳ ನಗು ಫೋಟೊದಲ್ಲಿ ಸುಳ್ಳಾಗಿ ಕಾಣುವುದಕ್ಕೆ ಆಲ್ಬಂ ಡಿಸೈನ್ ಮಾಡುವವರ ಕೈವಾಡವೂ ಇರಬಹುದು. ‘ಸ್ಕಿನ್ ಸ್ಮೂತ್ ಮಾಡಿ’ ಅಂತ ಮನೆಯವರು ಹೇಳುತ್ತಾರೆ. ಅವರು ಒಂದು ಬಟನ್ ಒತ್ತುತ್ತಾರೆ. ಕಣ್ಣಿನ ಮೂಲೆಯ ಗೆರೆ ಹೋಯಿತು, ಕೆಳರೆಪ್ಪೆಯ ಉಬ್ಬು ಹೋಯಿತು, ಕೆನ್ನೆ ಮೇಲೆದ್ದಾಗ ಬೀಳುವ ಮಡಿಕೆ ಹೋಯಿತು. ಉಳಿದದ್ದು ಎಳೆದ ತುಟಿ ಮತ್ತು ಬಿಳಿ ಹಲ್ಲು. ಅಂದರೆ ನಿಜವಾದ ನಗುವಿನ ಗುರುತುಗಳನ್ನೆಲ್ಲ ಒರೆಸಿ, ತರಿಸಿಕೊಂಡ ನಗುವಿನ ಗುರುತು ಮಾತ್ರ ಉಳಿಸಿದ ಹಾಗಾಯಿತು. ಅದೇ ಫೋಟೊದ ಮೂಲ ಫೈಲನ್ನೂ ಆಲ್ಬಂ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ. ಮೊಡವೆ ತೆಗೆಯಲಿ, ಬೆವರಿನ ಹೊಳಪು ಕಡಿಮೆ ಮಾಡಲಿ, ಬೇಡ ಅನ್ನುವುದಿಲ್ಲ. ಕಣ್ಣಿನ ಸುತ್ತ ಕೈ ಹಾಕಬಾರದು ಅಂತ ಬರೆದುಕೊಡಿ.

ಫೋಟೊ ಆಯ್ಕೆ ಮಾಡುವಾಗಲೂ ಕಣ್ಣೊಂದನ್ನೇ ನೋಡಬೇಡಿ. ಕೈ ನೋಡಿ. ಮುಖ ನಗುತ್ತಿದ್ದು ಹೆಬ್ಬೆರಳು ಮುಷ್ಟಿಯೊಳಗೆ ಸಿಕ್ಕಿಕೊಂಡಿದ್ದರೆ ಆ ಹುಡುಗಿ ಆರಾಮಾಗಿಲ್ಲ. ಹುಡುಗನ ಕೈ ಅವಳ ಭುಜದ ಮೇಲೆ ಇದೆಯೋ, ಭುಜದಿಂದ ಒಂದು ಬೆರಳಷ್ಟು ಎತ್ತರದಲ್ಲಿ ತೇಲುತ್ತಿದೆಯೋ ನೋಡಿ. ಹಿರಿಯರು ನಿಶ್ಚಯ ಮಾಡಿದ ಮದುವೆಗಳಲ್ಲಿ, ಮೊನ್ನೆ ಮೊನ್ನೆ ಪರಿಚಯ ಆದವರಲ್ಲಿ ಈ ತೇಲುವ ಕೈ ಸಾಮಾನ್ಯ. ಅದು ಅವರ ತಪ್ಪಲ್ಲ, ಅಪ್ಪಿಕೊಳ್ಳಿ ಅಂತ ಹೇಳಿದ ನಮ್ಮ ತಪ್ಪು. ಅಂಥವರನ್ನು ಅಕ್ಕಪಕ್ಕ ನಡೆಸಿ, ಸಾಕು. ನಾಚಿಕೆಯೂ ನಿಜವಾದ ಭಾವವೇ, ಅದನ್ನೇ ತೆಗೆಯಬಹುದು.

ಇನ್ನು, ನಿಜವಾದ ಭಾವ ಬೇಕು ಅಂತ ಎಲ್ಲಿಯವರೆಗೆ ಹೋಗಬಹುದು? ಇದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಎರಡು ಪ್ರಸಿದ್ಧ ಫೋಟೊಗಳ ಕಥೆ ಕೇಳಿ. 1941ರ ಡಿಸೆಂಬರ್ 30ರಂದು ಕೆನಡಾದ ಒಟ್ಟಾವದಲ್ಲಿ ಕಾರ್ಶ್ ಅನ್ನುವ ಫೋಟೊಗ್ರಾಫರ್ ಆಗಿನ ಬ್ರಿಟನ್ ಪ್ರಧಾನಿ ಚರ್ಚಿಲ್ ಅವರ ಫೋಟೊ ತೆಗೆಯಬೇಕಿತ್ತು. ಚರ್ಚಿಲ್ ಬಾಯಲ್ಲಿ ಚುಟ್ಟಾ. ಕಾರ್ಶ್ ಆ್ಯಶ್‌ಟ್ರೇ ಹಿಡಿದರೂ ಅವರು ಇಡಲಿಲ್ಲ. ಕೊನೆಗೆ ಕಾರ್ಶ್ ಹತ್ತಿರ ಹೋಗಿ, ಕ್ಷಮೆ ಕೇಳಿ, ಬಾಯಿಂದಲೇ ಚುಟ್ಟಾ ಕಿತ್ತುಕೊಂಡರು. ಚರ್ಚಿಲ್ ದುರುಗುಟ್ಟಿ ನೋಡಿದರು, ಕ್ಲಿಕ್. ಯುದ್ಧದ ಕಾಲದ ಇಂಗ್ಲೆಂಡಿನ ಛಲ ಅಂತ ಜಗತ್ತು ಆ ಮುಖವನ್ನು ಓದಿತು. ಭಾವ ನಿಜ, ಕಾರಣ ಮಾತ್ರ ಚುಟ್ಟಾ! ಆಮೇಲೆ ಚರ್ಚಿಲ್ ನಕ್ಕರು, ಇನ್ನೊಂದು ಫೋಟೊಗೂ ಒಪ್ಪಿದರು. ಆ ನಗುವ ಫೋಟೊ ಈಗಲೂ ಇದೆ, ಅದನ್ನು ನೆನೆಯುವವರು ಕಡಿಮೆ.

ಎರಡನೆಯದು 1957ರದ್ದು. ಅವೆಡನ್ ಅನ್ನುವ ಅಮೆರಿಕದ ಫೋಟೊಗ್ರಾಫರ್ ವಿಂಡ್ಸರ್‌ನ ಡ್ಯೂಕ್ ಮತ್ತು ಡಚೆಸ್, ಅಂದರೆ ಸಿಂಹಾಸನ ಬಿಟ್ಟ ಬ್ರಿಟನ್ನಿನ ರಾಜ ಮತ್ತು ಅವರ ಹೆಂಡತಿಯ ಫೋಟೊ ತೆಗೆಯುತ್ತಿದ್ದರು. ಇಬ್ಬರೂ ಪೋಸು ಕೊಡುವುದರಲ್ಲಿ ಪಳಗಿದವರು, ಮುಖ ಬಿಟ್ಟುಕೊಡುತ್ತಿರಲಿಲ್ಲ. ಅವರಿಗೆ ನಾಯಿಗಳೆಂದರೆ ಪ್ರಾಣ. ‘ನಾನು ಬರುವಾಗ ಟ್ಯಾಕ್ಸಿ ಒಂದು ನಾಯಿಯ ಮೇಲೆ ಹರಿಯಿತು’ ಅಂತ ಅವೆಡನ್ ಸುಳ್ಳು ಹೇಳಿದರು. ಇಬ್ಬರ ಮುಖವೂ ಕುಸಿಯಿತು, ಫೋಟೊ ಸಿಕ್ಕಿತು. ಇದನ್ನು ಅವೆಡನ್ ಅವರೇ ಹೇಳಿಕೊಂಡಿದ್ದಾರೆ.

ಚುಟ್ಟಾ ಕಿತ್ತದ್ದನ್ನು ನಾನು ಒಪ್ಪುತ್ತೇನೆ, ನಾಯಿಯ ಸುಳ್ಳನ್ನು ಒಪ್ಪುವುದಿಲ್ಲ. ಕಾರ್ಶ್ ಮಾಡಿದ್ದು ಚರ್ಚಿಲ್ ಕಣ್ಣೆದುರೇ ಆಯಿತು, ಬೈಯಬೇಕಿದ್ದರೆ ಬೈಯಬಹುದಿತ್ತು. ಅವೆಡನ್ ಎದುರಿನವರಿಗೆ ಗೊತ್ತಿಲ್ಲದೆ ಅವರ ಒಳಗೆ ಕೈ ಹಾಕಿದರು. ನಮ್ಮಲ್ಲಿ ಇದರ ಸಣ್ಣ ರೂಪ ದಿನಾ ನಡೆಯುತ್ತದೆ. ಮಗುವಿನ ಕೈಯಿಂದ ಆಟಿಕೆ ಕಿತ್ತು ಅಳಿಸಿ ಫೋಟೊ ತೆಗೆಯುತ್ತಾರೆ. ಹೆಣ್ಣು ಒಪ್ಪಿಸುವಾಗ ‘ಅಮ್ಮಾ, ಇನ್ನೊಂದ್ಸಲ ತಬ್ಕೊಳ್ಳಿ, ವಿಡಿಯೊದಲ್ಲಿ ಬರಲಿಲ್ಲ’ ಅನ್ನುತ್ತಾರೆ. ಅಳುತ್ತಿರುವ ತಾಯಿಗೆ ಅಳುವ ಪಾತ್ರ ಕೊಟ್ಟ ಹಾಗೆ ಇದು. ದಯವಿಟ್ಟು ಮಾಡಬೇಡಿ. ಸಿಗಲಿಲ್ಲ ಅಂದರೆ ಸಿಗಲಿಲ್ಲ.

ಆ ಹೊತ್ತಿನಲ್ಲಿ ಎಲ್ಲರ ಕ್ಯಾಮೆರಾವೂ ಮಗಳು-ತಾಯಿ ಮೇಲೆ ಇರುತ್ತದೆ. ಹಿಂದೆ ತಿರುಗಿ ನೋಡಿ. ಹರಿಹರದ ಕಡೆಯ ಒಂದು ಮದುವೆಯಲ್ಲಿ ಹುಡುಗಿಯ ಅಪ್ಪ ಕಾರಿನ ಡಿಕ್ಕಿ ಹತ್ತಿರ ನಿಂತು ಸೂಟ್‌ಕೇಸ್ ಎಣಿಸುತ್ತಿದ್ದರು. ಎಣಿಸಿ ಮುಗಿಯಿತು, ಮತ್ತೆ ಮೊದಲಿನಿಂದ ಎಣಿಸಿದರು. ಕೆಳತುಟಿ ಹಲ್ಲಿನ ಒಳಗೆ. ಗಂಟಲು ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು. ಯಾರೋ ‘ಎಲ್ಲಾ ಬಂತಾ?’ ಅಂದರು. ‘ಬಂತು, ಬಂತು’ ಅಂತ ನಕ್ಕರು. ಆ ನಗು ಪೂರ್ತಿ ನಟನೆ. ಅದಕ್ಕಿಂತ ನಿಜವಾದ ಮುಖ ಆ ದಿನ ಮಂಟಪದಲ್ಲಿ ಇನ್ನೊಂದು ಇರಲಿಲ್ಲ. ದುಃಖವನ್ನು ಮುಚ್ಚುವ ನಟನೆಯನ್ನು ಹಿಡಿದರೆ ದುಃಖವನ್ನೇ ಹಿಡಿದ ಹಾಗೆ. ಹೆಬ್ಬೆರಳು ಇಟ್ಟು ಅಳೆಯುವ ಪರೀಕ್ಷೆಯಲ್ಲಿ ಅಂಥ ಫೋಟೊ ಫೇಲಾಗುತ್ತದೆ. ಹಾಗಂತ ಅದನ್ನು ಬಿಸಾಡಿದರೆ ಕೆಲಸ ಕೆಡುತ್ತದೆ.

ಕೊನೆಯದಾಗಿ ವ್ಯವಹಾರದ ಮಾತು. ಇದೆಲ್ಲಕ್ಕೂ ಸಮಯ ಬೇಕು, ಸಮಯ ನಿಮ್ಮ ರೇಟಿನಲ್ಲಿ ಸೇರಿರಬೇಕು. ಪ್ರೀ-ವೆಡ್ಡಿಂಗ್‌ಗೆ ಒಂದೇ ದಿನದಲ್ಲಿ ಕೋಟೆ, ಚಂದ್ರವಳ್ಳಿ, ಸಂತೇಬೆನ್ನೂರು ಪುಷ್ಕರಣಿ, ನಾಲ್ಕು ಡ್ರೆಸ್ಸು ಅಂತ ಒಪ್ಪಿಕೊಂಡರೆ ಪೋಸು ಬಿಟ್ಟು ಬೇರೇನೂ ಸಿಗುವುದಿಲ್ಲ. ಒಂದು ಜಾಗ, ಎರಡು ಡ್ರೆಸ್ಸು ಅಂತ ಹೇಳಿ. ಭಾನುವಾರ ಬೇಡ, ಕೋಟೆ ತುಂಬ ಜನ ಇರುತ್ತಾರೆ, ನೋಡುವವರಿದ್ದರೆ ಹುಡುಗಿ ನಾಚುತ್ತಾಳೆ, ಹುಡುಗ ಹೀರೊ ಆಗುತ್ತಾನೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಮೊದಲ ಅರ್ಧ ಗಂಟೆ ತೆಗೆದದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದು ಅವರು ಕ್ಯಾಮೆರಾ ಮರೆಯಲು ಬೇಕಾದ ಹೊತ್ತು. ಮನೆಯವರು ‘ಸಾಂಪ್ರದಾಯಿಕವಾಗಿ ಎರಡು ನಿಂತಿರೋದು ಬೇಕು’ ಅಂದರೆ ಬೇಸರ ಮಾಡಿಕೊಳ್ಳದೆ ಅದನ್ನೂ ಆ ಅರ್ಧ ಗಂಟೆಯಲ್ಲೇ ಮುಗಿಸಿಬಿಡಿ.